ತಳ ಮೇಲಾದ ಬಾಟ್ಲಿ

ಮಣ್ಣೊಳಗೆ ಬಾಟ್ಲಿಗಳು ಮಲಗಿರುತ್ತವೆ. ಇಂಕಿನ ಕುಡಿಕೆಯೋ, ತಲೆ ಎಣ್ಣೆ ಸೀಸೆಯೋ, ಕುತ್ತಿಗೆ ಒಡೆದ ಗೋಲಿ ಸೋಡಾ ಬಾಟ್ಲಿಯೋ, ಕಸದ ಜೊತೆ ಬಂದು ಬಿದ್ದದ್ದು ಮಗ್ಗುಲಾಗಿ, ವಾರೆಯಾಗಿ ಹೇಗೋ ಬಿದ್ದಿರುತ್ತೆ. ನೆಟ್ಟಗೆ ನಿಂತ ಬಾಟ್ಲಿ ಸಿಕ್ಕಿತು ಅಂದರೆ ಅದನ್ನು ಯಾರೋ ಕೈಯಾರೆ ಇಟ್ಟಿದ್ದಾರೆ ಅಂತಲೇ ಲೆಕ್ಕ.

ನಾನು ಹುಡುಕುತ್ತಿದ್ದದ್ದು ಅಂಥ ಒಂದನ್ನು. ನೀಲಿ ಗಾಜಿನ ಚೌಕನೆಯ ಔಷಧಿ ಬಾಟ್ಲಿ. ಬಾಯಿ ಕೆಳಗೆ, ತಳ ಮೇಲೆ. ಅದರ ಕೆಳಗೆ ನಮ್ಮವ್ವ ಇದ್ದಾಳೆ.

ಅವ್ವನ ಹೆಸರು ಮುನಿತಾಯಮ್ಮ. ನಾನಿನ್ನೂ ಅಂಬೆಗಾಲಿಡುವಾಗ ಜ್ವರ ಬಂದು ಹೋದಳು. ಮುಖ ನೆನಪಿಲ್ಲ, ಫೋಟೋ ಇಲ್ಲ. ಅಪ್ಪ ಕೆಂಚಪ್ಪ ಅವಳನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿದ. ಆ ಹೊಲಕ್ಕೆ ಈಗ ರಾಜಾಜಿನಗರ ಅಂತ ಹೆಸರು. ಗೂಟ ಹೊಡೆದರು, ದಾರ ಕಟ್ಟಿದರು, ಬದು ಕೆಡವಿ ಸಮ ಮಾಡಿದರು, ಹುಣಿಸೆ ಮರ ಕಡಿದರು, ಬಾವಿಗೆ ಕಸ ತುಂಬಿ ಮುಚ್ಚಿದರು. ರಾಗಿ ಬೆಳೆಯುತ್ತಿದ್ದ ಕಡೆ ಸೈಟು, ಸೈಟಿಗೊಂದು ನಂಬರು. ಊರು ಬೆಳೀಬೇಕಂತೆ. ಬೆಳೀಲಿ. ಯಾರ ತಲೆ ಮೇಲೆ ಕಾಲಿಟ್ಟು ಬೆಳೀತಾ ಇದೆ ಅಂತ ಒಬ್ಬನಾದರೂ ಕೇಳಿದನಾ?

ಅಪ್ಪ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನನ್ನ ಕರೆದು ಹೇಳಿದ.

"ಬಾವಿಯಿಂದ ಹುಣಿಸೆ ಮರದ ಕಡೀಕ್ ಹೋಗೋವಾಗ, ಬದುವಿನ ಪಕ್ಕ ನಿಮ್ಮವ್ವ ಇರೋದು ಕಣ್ಲಾ. ಕಲ್ಲು ನೆಡಲಿಲ್ಲ."

"ಯಾಕಪ್ಪ ನೆಡಲಿಲ್ಲ?"

"ನೆಟ್ಟಿದ್ದಿದ್ರೆ ಪಕ್ಕದ ಹೊಲದೋನು ಇದೇ ಬದುವಿನ ಕಲ್ಲು ಅಂತ ಜಗಳಕ್ಕೆ ನಿಲ್ಲೋನು. ಬದುವಿನ ಕಲ್ಲಿಗೆ ಕಾಲಿರ್ತವೆ, ರಾತ್ರೋರಾತ್ರಿ ಜಾಗ ಬದಲಾಯಿಸ್ತವೆ, ನಿಂಗೊತ್ತಿಲ್ಲ. ಅದಕ್ಕೇ ಅವಳಿಗೆ ಕುಡಿಸಿದ್ದ ಔಸ್ದಿ ಬಾಟ್ಲೀನೇ ಬೋರಲು ಮಾಡಿ, ನೇಗಿಲಿಗೆ ಸಿಗದಷ್ಟು ಆಳಕ್ಕೆ, ತಲೆ ಕಡೆ ನಿಲ್ಸಿದೆ. ನೀಲಿ ಬಾಟ್ಲಿ."

ಆಗಲೇ ಬಾವಿ ಇರಲಿಲ್ಲ, ಮರ ಇರಲಿಲ್ಲ, ಬದು ಇರಲಿಲ್ಲ. ಸ್ವಲ್ಪ ದಿನಕ್ಕೆ ಅಪ್ಪನೂ ಇರಲಿಲ್ಲ.

ಅಪ್ಪನಿಗೆ ಊರಿನೋರನ್ನು ಹೂಳೋ ತೋಪಿನಲ್ಲಿ ಜಾಗ ಸಿಕ್ಕಿತು. ಹಾಲು ತುಪ್ಪದ ದಿನ ನೆಂಟರು ಬಂದರು, ಸಮಾಧಿ ಮೇಲೆ ಒಬ್ಬೊಬ್ಬರೂ ಹಾಲು ತುಪ್ಪ ಬಿಟ್ಟರು, ಉಂಡು ಹೋದರು. ಚೊಂಬಿನ ತಳದಲ್ಲಿ ಒಂದಿಷ್ಟು ಹಾಲು ಉಳಿದಿತ್ತು. ಅವ್ವನಿಗೂ ಒಂದು ತೊಟ್ಟು ಬಿಡೋಣ ಅನ್ನಿಸಿತು. ಯಾರಿಗೂ ಹೇಳದೆ ಚೊಂಬು ಹಿಡಿದುಕೊಂಡು ಲೇಔಟಿಗೆ ನಡೆದೆ. ಗೂಟಗಳ ಮಧ್ಯೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸುತ್ತಿದೆ. ಎಲ್ಲ ಒಂದೇ ಥರ ಕೆಂಪು ಮಣ್ಣು. ಎಲ್ಲಿ ಬಿಡೋದು? ಬಿಸಿಲಿಗೆ ಹಾಲು ಒಡೆದುಹೋಯಿತು. ಮೋರಿಗೆ ಚೆಲ್ಲಿ, ಖಾಲಿ ಚೊಂಬು ತಗೊಂಡು ಬಂದೆ. ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಕೆಲಸ ಮಾಡೋದು ಒಂದು ಲೇತ್ ವರ್ಕ್‌ಶಾಪಿನಲ್ಲಿ. ಅಲ್ಲೇ ಒಂದು ಕಂಬಿ ಮಾಡಿಕೊಂಡೆ. ಎದೆಯುದ್ದ, ತುದಿ ಸ್ವಲ್ಪ ಮೊಂಡ, ಮೇಲೊಂದು ಅಡ್ಡ ಹಿಡಿ. ಮಣ್ಣಿಗೆ ಒತ್ತಿದರೆ ಒಳಗಿರೋದು ಕೈಗೇ ತಿಳಿಯುತ್ತೆ. ಕಲ್ಲಾದರೆ ಕಟ್ಟನೆ ನಿಲ್ಲುತ್ತೆ. ಹೆಂಚಾದರೆ ಕರಕರ ಅನ್ನುತ್ತೆ. ಗಾಜಾದರೆ ಕಂಬಿ ಒಂದು ಕೂದಲೆಳೆಯಷ್ಟು ಜಾರುತ್ತೆ. ಆಗ ಮೆಲ್ಲಗೆ ಕರಣೆ ಹಿಡಿದು ಕೂರಬೇಕು.

ಭಾನುವಾರ ಬಂತೆಂದರೆ ಖಾಲಿ ಸೈಟುಗಳಲ್ಲಿ ಅದೇ ಕೆಲಸ. ಹಿಂದೆ ಪೇಟೆ ಕಸವನ್ನು ಗಾಡಿಗಳಲ್ಲಿ ತಂದು ನಮ್ಮ ಕಡೆ ಹೊಲಗಳಿಗೆ ಗೊಬ್ಬರ ಅಂತ ಸುರಿಯುತ್ತಿದ್ದರು. ಹಾಗಾಗಿ ಎಲ್ಲಿ ಚುಚ್ಚಿದರೂ ಪೇಟೆಯೋರ ಬಾಟ್ಲಿ. ಕಂಡೋರ ಮನೆಯ ಕೆಮ್ಮಿನ ಔಷಧಿ, ಕಂಡೋರ ಮನೆಯ ಸೆಂಟು. ಅವ್ವನ ಬಾಟ್ಲಿ ಹುಡುಕಹೋದವನಿಗೆ ಹಾಳಾದ್ದು ಅವುಗಳ ಹುಚ್ಚೇ ಹಿಡಿಯಿತು. ಹಳೇ ಗಾಜಿನೊಳಗೆ ಗಾಳಿಗುಳ್ಳೆ ಸಿಕ್ಕಿಹಾಕಿಕೊಂಡಿರುತ್ತೆ, ಮೀನಿನ ಕಣ್ಣಿನ ಹಾಗೆ. ಮಣ್ಣಲ್ಲಿ ಬಹಳ ಕಾಲ ಇದ್ದದ್ದರ ಮೈಮೇಲೆ ಸೀಮೆಎಣ್ಣೆ ಚೆಲ್ಲಿದ ನೀರಿನ ಬಣ್ಣ ಬಂದಿರುತ್ತೆ. ಸೋಡಾ ಬಾಟ್ಲಿಗಳಂತೂ ಒಂದೂ ಇಡಿಯಾಗಿ ಸಿಗೋದಿಲ್ಲ. ಒಳಗಿನ ಗೋಲಿಗೋಸ್ಕರ ಯಾವ ಕಾಲದ ಹೈಕಳೋ ಕುತ್ತಿಗೆ ಮುರಿದಿರುತ್ತಾರೆ. ತೊಳೆದು, ಮರಳು ಹಾಕಿ ಕುಲುಕಿ, ರೂಮಿನಲ್ಲಿ ಇಟ್ಟಿಗೆ ಮೇಲೆ ಹಲಗೆ ಹಾಕಿ ಜೋಡಿಸಿದೆ. ಬೆಳಗಿನ ಬಿಸಿಲು ಕಿಟಕಿಯಿಂದ ಬಂದು ಒಂದೊಂದನ್ನೇ ಮಾತಾಡಿಸಿಕೊಂಡು ಹೋಗುತ್ತೆ. ರೂಮಿಗೆ ಬರೋದು ಅದೊಂದೇ.

ವರ್ಕ್‌ಶಾಪಿನ ಉಗ್ರಪ್ಪ ನನಗೆ ಬಾಟ್ಲಿ ರಾಜ ಅಂತ ಹೆಸರಿಟ್ಟ.

"ಏನ್ ಗುರು, ನಿನ್ನೆ ಎಷ್ಟ್ ಬಾಟ್ಲಿ?"

"ನಾಕು."

"ನಾಕು ಬಾಟ್ಲಿ ಇಳಿಸಿದ್ರೂ ನೆಟ್ಟಗೆ ನಿಂತವ್ನಲ್ಲಪ್ಪ! ನಾವು ಅರ್ಧಕ್ಕೇ ಮೋರಿ ಪಾಲು." ಎಲ್ಲರೂ ನಕ್ಕರು. "ಲೋ ಮುನಿರಾಜು, ಮದುವೆ ಆಗ್ಲಾ. ಖಾಲಿ ಬಾಟ್ಲಿ ಜೊತೆ ಎಷ್ಟ್ ದಿನ ಸಂಸಾರ ಮಾಡ್ತೀಯ?"

ನಾನು ಲೇತ್ ಜೋರಾಗಿ ಬಿಟ್ಟೆ. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸೋದಿಲ್ಲ. ಅವ್ವನ ವಿಷಯ ಅವನಿಗೂ ಹೇಳಿರಲಿಲ್ಲ. ಹೇಳಿದರೆ ಅಯ್ಯೋ ಅಂತಾರೆ. ಅದಕ್ಕಿಂತ ನಗೋದೇ ವಾಸಿ.

ಮುಚ್ಚಿದ ಬಾವಿಯ ಜಾಗ ಪತ್ತೆ ಹಚ್ಚಿದ್ದೆ. ಅಲ್ಲಿ ಮಣ್ಣು ಮಳೆಗೆ ಕುಸಿದು ತಟ್ಟೆಯ ಹಾಗೆ ಆಗಿತ್ತು. ಹುಣಿಸೆ ಮರದ ಬೇರು ಒಂದು ಮೋರಿ ತೋಡುವಾಗ ಕಾಣಿಸಿತು. ಎರಡರ ನಡುವೆ ಇದ್ದ ಸೈಟುಗಳನ್ನೆಲ್ಲ ಚುಚ್ಚಿ ನೋಡಿದ್ದೆ, ಒಂದನ್ನು ಬಿಟ್ಟು. ಅದಕ್ಕೆ ಮುಳ್ಳುತಂತಿ ಬೇಲಿ, ಬೀಗ ಹಾಕಿದ ಗೇಟು. ಹಾರಿ ಹೋಗಬಹುದಿತ್ತು. ಕಳ್ಳ ಅಂತ ಹಿಡಿದು ಕೊಟ್ಟರೆ? ನಮ್ಮ ಹೊಲದಲ್ಲೇ ನಾನು ಕಳ್ಳ.

ಆ ಬೇಲಿಯೊಳಗಿಂದ ಒಂದು ಭಾನುವಾರ ನನ್ನನ್ನು ಕರೆದರು.

"ಏನಪ್ಪಾ, ನೀನೇ ಅಲ್ವೇ ಬಾಟ್ಲಿ ತೆಗೆಯೋನು? ಬಾ ಇಲ್ಲಿ."

ಸೈಟಿನ ಯಜಮಾನರು ಶ್ಯಾಮಸುಂದರರಾಯರು, ಯಾವುದೋ ಆಫೀಸಿನಲ್ಲಿ ದೊಡ್ಡ ಗುಮಾಸ್ತರು. ಮಲ್ಲೇಶ್ವರದಲ್ಲಿ ಬಾಡಿಗೆ ಮನೆ. ಇಲ್ಲಿ ಸ್ವಂತ ಮನೆಗೆ ಪಾಯ ತೆಗೆಯೋ ತಯಾರಿ. ಜೊತೆಗೆ ಹೆಂಡತಿ ಅನಂತಲಕ್ಷ್ಮಿ, ಒಂದು ಕೊಡೆಯ ಕೆಳಗೆ, ಕಾಫಿ ಕೂಜದ ಪಕ್ಕ ಕೂತಿದ್ದರು.

"ನೋಡು, ನಮ್ಮ ಪುರೋಹಿತರು ಹೇಳಿದಾರೆ. ಪಾಯ ಹಾಕೋ ಮುಂಚೆ ಶಲ್ಯ ತೆಗೀಬೇಕು."

"ಹಂಗಂದ್ರೆ ಏನ್ ಸ್ವಾಮಿ?"

"ನೆಲದೊಳಗೆ ಮೂಳೆ, ಕೂದಲು, ಬೂದಿ ಇಂಥದ್ದೇನಾದ್ರೂ ಇದ್ರೆ ಮನೆಗೆ ಕೆಟ್ಟದ್ದು. ನಿನ್ನ ಹತ್ರ ಕಂಬಿ ಇದೆಯಲ್ಲ, ಎಲ್ಲ ಕಡೆ ಚುಚ್ಚಿ ನೋಡು. ಬಾಟ್ಲಿ ಸಿಕ್ಕಿದ್ರೆ ನಿನಗೆ. ಮೂಳೆ ಸಿಕ್ಕಿದ್ರೆ ತೆಗೆದು ಆಚೆ ಹಾಕು."

"ಆಚೆ ಅಂದ್ರೆ ಎಲ್ಲಿಗೆ?"

"ಎಲ್ಲಾದ್ರೂ ಹಾಕಪ್ಪ. ಮೋರಿ ಆಚೆ."

ಕಂಬಿ ಹೆಗಲಿಗೆ ಹಾಕಿಕೊಂಡು ಹೊರಟುಬಿಡೋಣ ಅನ್ನಿಸಿತು. ಆದರೆ ಗೇಟು ತೆರೆದಿತ್ತು. ನಾನು ಒಳಗೆ ಹೋದೆ.

ಮುಂದಿನಿಂದ ಶುರು ಮಾಡಿದೆ. ಕಲ್ಲು, ಹೆಂಚು, ಬೇರು. ಒಂದು ಇಂಕಿನ ಕುಡಿಕೆ ಸಿಕ್ಕಿತು, ಮಗ್ಗುಲಾಗಿ. ಬಿಸಿಲು ಏರಿದ ಮೇಲೆ ಆಯಮ್ಮ ಕಾಫಿ ಕೊಟ್ಟರು. ಲೋಟ ಕಲ್ಲಿನ ಮೇಲಿಟ್ಟು, ದೂರದಿಂದ ಎತ್ತಿ ಹುಯ್ದರು. "ಕುಡಿದು ತೊಳೆದು ಅಲ್ಲೇ ಬೋರಲು ಹಾಕಪ್ಪ" ಅಂದರು. ದನಿ ಮೆತ್ತಗಿತ್ತು. ಮೆತ್ತಗೆ ಹೇಳಿದರೂ ಹೇಳಿದ್ದು ಅದೇ ತಾನೆ? ಕುಡಿದೆ, ತೊಳೆದೆ, ಬೋರಲು ಹಾಕಿದೆ.

ಆಮೇಲೆ ಹಿಂದಿನ ಮೂಲೆಗೆ ಹೋದೆ, ಗಲ್ಲಿಯ ಕಡೆಗೆ. ಎರಡನೇ ಸಲ ಒತ್ತಿದಾಗ ಕಂಬಿ ಜಾರಿತು.

ಕೂತೆ. ಕರಣೆಯಿಂದ ಕೆರೆದೆ, ಆಮೇಲೆ ಬೆರಳಿಂದ. ಮೊದಲು ಮಣ್ಣಿನ ನಡುವೆ ಒಂದು ಅಂಚು, ಆಮೇಲೆ ಇನ್ನೊಂದು. ಬೆಂಕಿಪೊಟ್ಟಣದಷ್ಟು ಅಗಲದ ಗಾಜಿನ ತಳ. ಉಗುಳು ಹಚ್ಚಿ ಉಜ್ಜೋದು ನನ್ನ ರೂಢಿ. ಬೆರಳು ಬಾಯಿ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಅಂಗಿಯ ಚುಂಗಿನಿಂದ ಒರೆಸಿದೆ.

ನೀಲಿ.

ಸುತ್ತ ಎರಡು ಬೆರಳು ಮಣ್ಣು ಬಿಡಿಸಿದೆ. ಬಾಟ್ಲಿ ಒಂದಿಷ್ಟೂ ವಾಲಿರಲಿಲ್ಲ. ಮೇಲೆ ಎಷ್ಟು ಮಳೆ ಬಂದು ಹೋಗಿದೆ, ಎಷ್ಟು ಸಲ ನೇಗಿಲು ಓಡಾಡಿದೆ, ಲೇಔಟಿನೋರು ರೋಲರ್ ಹೊಡೆದಿದ್ದಾರೆ. ಅಪ್ಪ ನಿಲ್ಲಿಸಿದ ಹಾಗೇ ನಿಂತಿತ್ತು.

ಇನ್ನೊಂದಷ್ಟು ಕೆಳಗೆ ಹೋದರೆ ಗೊತ್ತಾಗುತ್ತಿತ್ತು. ಅವ್ವನೇನಾ, ಇಲ್ಲ ಯಾವನೋ ತಲೆಹರಟೆ ಸುಮ್ಮನೆ ನೆಟ್ಟ ಬಾಟ್ಲಿನಾ? ಅಗೆಯೋನ ಕೈ ಅರ್ಧಕ್ಕೆ ನಿಲ್ಲೋದಿಲ್ಲ. ಇವತ್ತಿನ ತನಕ ಕಂಡ ಬಾಟ್ಲಿಯನ್ನು ಎತ್ತದೆ ಬಿಟ್ಟವನಲ್ಲ ನಾನು. ಆದರೆ ಮುಖವನ್ನೇ ನೋಡದವನು ಮೊದಲ ಸಲ ಮೂಳೆ ನೋಡಬೇಕಾ? ನೋಡಿದ ಮೇಲೆ ಅದನ್ನು ಯಾವ ಮೋರಿ ಆಚೆ ಹಾಕಲಿ?

"ಏನು ಸಿಕ್ತಪ್ಪಾ?"

ರಾಯರ ನೆರಳು ಗುಂಡಿಯ ಮೇಲೆ ಬಿತ್ತು. ನಾನು ಅಂಗೈಯಿಂದ ಗಾಜು ಮುಚ್ಚಿದೆ. ತಣ್ಣಗಿತ್ತು.

"ಹೆಂಚು ಸ್ವಾಮಿ."

"ಹೆಂಚೇ? ಇನ್ನೂ ಆಳಕ್ಕೆ ನೋಡಿಬಿಡು. ಹೇಗಿದ್ರೂ ಈ ಮೂಲೇಲಿ ಕಕ್ಕಸಿನ ಗುಂಡಿ ಬರುತ್ತೆ. ನಾಳೆ ಕೂಲಿಯೋರು ಬಂದು ಆಳುದ್ದ ತೋಡ್ತಾರೆ."

ಕಿವಿಯೊಳಗೆ ಲೇತ್ ತಿರುಗಿದ ಹಾಗಾಯಿತು. ಕಂಬಿ ಪಕ್ಕದಲ್ಲೇ ಇತ್ತು. ಎದ್ದು ಹೊಡೆದುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಹೊಡೆದರೂ ನಾಳೆ ಕೂಲಿಯೋರು ಬರುತ್ತಾರೆ. ನಮ್ಮವ್ವನ ಗೋರಿ ಇದು ಅಂತ ನಿಜ ಹೇಳಿದರೆ ಇವತ್ತೇ ಬರುತ್ತಾರೆ. ಶಲ್ಯ ಅಂದರೇನು ಅಂತ ಈಗ ತಾನೇ ಪಾಠ ಆಗಿತ್ತಲ್ಲ.

"ಇಲ್ಲಿ ತೋಡಬೇಡಿ ಸ್ವಾಮಿ," ಅಂದೆ. "ಇಲ್ಲಿ ಹುತ್ತ ಇತ್ತು."

ನನ್ನ ಬಾಯಿಂದ ಅದು ಹೇಗೆ ಬಂತು ಅಂತ ನನಗೇ ಗೊತ್ತಿಲ್ಲ. ಕೊಡೆ ಕೆಳಗಿದ್ದ ಅನಂತಲಕ್ಷ್ಮಮ್ಮ ಎದ್ದು ಬಂದರು.

"ಏನಂದೆ? ಹುತ್ತಾನೇ?"

"ಹೂಂ ಅಮ್ನೋರೆ. ಇದು ನಮ್ಮ ಹೊಲ. ನಮ್ಮಪ್ಪ ಈ ಜಾಗ ಬಳಸಿಕೊಂಡೇ ನೇಗಿಲು ಹೊಡೀತಿದ್ದ."

"ನಾಗಪ್ಪ ಇದ್ದನೇ?"

"ಇದ್ದ."

ರಾಯರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಇದನ್ನ ಬೆಳಗ್ಗೇನೇ ಯಾಕೆ ಹೇಳಲಿಲ್ಲ ನೀನು?"

"ನೀವು ಮೂಳೆ ಕೇಳಿದ್ರಿ. ಹಾವು ಕೇಳಲಿಲ್ಲ."

"ಬಾಯಿ ನೋಡು ಇವನದು!"

"ಸುಮ್ಮನಿರಿ ಅಂದ್ರೆ," ಆಯಮ್ಮ ಸೆರಗು ಹೊದ್ದುಕೊಂಡರು. "ನಮ್ಮ ಮಗಳು ಸೀತಾಳಿಗೆ ನೋಡಿದ ಗಂಡುಗಳೆಲ್ಲ ಯಾಕೆ ತಪ್ಪಿ ಹೋಗ್ತಿವೆ ಅಂತ ಈಗ ತಿಳೀತು. ನಾಗನ ಜಾಗದಲ್ಲಿ ಕಕ್ಕಸು ಕಟ್ಟೋಕೆ ಹೊರಟಿದೀವಲ್ರೀ! ಮುಚ್ಚಪ್ಪ, ಮೊದಲು ಮುಚ್ಚು. ನೀನೂ ಕೈ ಮುಗಿ."

ಮುಚ್ಚಿದೆ. ಬಿಡಿಸಿದ ಮಣ್ಣನ್ನೇ ಹಿಡಿ ಹಿಡಿಯಾಗಿ ಗಾಜಿನ ಮೇಲೆ ಹಾಕಿದೆ. ನೀಲಿ ಮರೆಯಾಯಿತು. ಮನುಷ್ಯರ ಮೂಳೆ ಮೈಲಿಗೆ, ಹಾವಿನ ಬಿಲ ದೇವರು. ಒಳ್ಳೆ ನ್ಯಾಯ. ಆದರೂ ಅವತ್ತು ಆ ನ್ಯಾಯದ ಕಾಲಿಗೇ ಬಿದ್ದೆ.

ಮುಂದಿನ ಭಾನುವಾರ ಪುರೋಹಿತರು ಬಂದಿದ್ದರು. ನಾಗರ ಕಲ್ಲು ಪ್ರತಿಷ್ಠೆ ಮಾಡಿಬಿಡೋಣ, ಮೊಣಕಾಲುದ್ದ ಗುಂಡಿ ತೆಗೆದರೆ ಸಾಕು ಅಂತ ಅವರ ಸಲಹೆ. ನಾನು ಬೇಲಿಯಾಚೆಯಿಂದ ಕೂಗಿದೆ.

"ಅಗೀಬಾರ್ದು ಸ್ವಾಮಿ! ನಮ್ಮೂರಲ್ಲಿ ಒಬ್ಬ ಅಗೆಯೋಕೆ ಹೋಗಿ ಕಣ್ಣು ಕಳಕೊಂಡ."

"ಯಾರವನು?"

"ಮರಿಯಪ್ಪ ಅಂತ. ನೀವು ನೋಡಿಲ್ಲ."

ಮರಿಯಪ್ಪ ಅನ್ನೋನು ಹುಟ್ಟೇ ಇರಲಿಲ್ಲ. ಪುರೋಹಿತರು ಒಂದು ಹೆಜ್ಜೆ ಹಿಂದೆ ಸರಿದರು. ಆಯಮ್ಮ ತೀರ್ಮಾನ ಮಾಡಿಬಿಟ್ಟರು. ಕಲ್ಲೂ ಬೇಡ, ಗುಂಡಿಯೂ ಬೇಡ, ಆ ಮೂಲೆ ಹಾಗೇ ಇರಲಿ. ನಾಗರ ಪಂಚಮಿ ದಿನ ಹಾಲಿನ ತನಿ ಎರೆದರೆ ಆಯಿತು. ಕಕ್ಕಸು ಆ ಕಡೆ ಮೂಲೆಗೆ ಹೋಯಿತು.

ಆಮೇಲೆ ಎಷ್ಟೋ ಭಾನುವಾರ ನಾನು ಕಂಬಿ ಮುಟ್ಟಲಿಲ್ಲ. ರೂಮಿನಲ್ಲಿ ಬಾಟ್ಲಿಗಳ ಎದುರು ಕೂತಿರುತ್ತಿದ್ದೆ. ಹುಡುಕೋದು ಮುಗಿದರೆ ಮನಸ್ಸು ಹಗುರಾಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಮೊದಲಾದರೆ ಅವ್ವ ಇಡೀ ಲೇಔಟಿನಲ್ಲಿ ಎಲ್ಲಾದರೂ ಇದ್ದಳು, ಯಾವ ರಸ್ತೆಯಲ್ಲಿ ನಡೆದರೂ ಅವಳ ಪಕ್ಕ ನಡೆದ ಹಾಗಿತ್ತು. ಈಗ ಒಂದೇ ಜಾಗದಲ್ಲಿದ್ದಾಳೆ, ಅದಕ್ಕೆ ಬೇರೆಯವರ ಬೀಗ.

"ಯಾಕ್ಲಾ ಬಾಟ್ಲಿ ರಾಜ, ದಂಧೆ ಬಿಟ್ಟೆಯಾ?" ಅಂದ ಉಗ್ರಪ್ಪ.

"ಸಿಕ್ತು."

"ಏನ್ ಸಿಕ್ತು?"

"ಏನಿಲ್ಲ, ಬುಡು."

ಅವನು ಕೈ ಒರೆಸಿಕೊಂಡು ತನ್ನ ಮಿಷನ್ ಕಡೆ ಹೋದ. ತಮಾಷೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ನಾಗರ ಪಂಚಮಿಗೆ ರಾಯರ ಮನೆ ಕಿಟಕಿ ಮಟ್ಟಕ್ಕೆ ಎದ್ದಿತ್ತು. ಮೇಸ್ತ್ರಿಯ ಕೈಲಿ ಹೇಳಿಕಳಿಸಿದ್ದರು, ಹುತ್ತದ ಬಾಯಿ ಸರಿಯಾಗಿ ಎಲ್ಲಿತ್ತು ತೋರಿಸಬೇಕಂತೆ. ವರ್ಕ್‌ಶಾಪಿಗೆ ರಜಾ ಹಾಕಿ, ತಲೆಗೆ ನೀರು ಹಾಕಿಕೊಂಡು, ಒಗೆದ ಅಂಗಿ ತೊಟ್ಟು ಹೋದೆ. ಆಯಮ್ಮ ಮಡಿಯಲ್ಲಿದ್ದರು. ಹಾಗಾಗಿ ನಾನು ಒಳಗೆ ಬರೋ ಹಾಗಿಲ್ಲ, ಗಲ್ಲಿಯಲ್ಲೇ ನಿಂತು ಹೇಳಬೇಕು ಅಂದರು ರಾಯರು.

ಬೇಲಿಯ ತಂತಿ ಹಿಡಿದುಕೊಂಡು ನಿಂತೆ. ಜಡಿಮಳೆ ಆಗ ತಾನೇ ನಿಂತಿತ್ತು. ಆಯಮ್ಮ ಬಂದರು. ಒಂದು ಕೈಲಿ ಚೊಂಬು, ಇನ್ನೊಂದರಲ್ಲಿ ಗಿಂಡಿ.

"ಏನಮ್ನೋರೆ ಅದು ಗಿಂಡೀಲಿ?"

"ತುಪ್ಪ ಕಣಪ್ಪ. ಹಾಲು ತುಪ್ಪ ಎರಡೂ ಎರೀಬೇಕಲ್ಲ. ನಿಮ್ಮಲ್ಲಿ ಹೇಗೆ?"

"ನಮ್ಮಲ್ಲೂ ಹಂಗೇ," ಅಂದೆ.

"ಎಲ್ಲಿ, ಇಲ್ಲೇನು?"

"ಇನ್ನೊಂಚೂರು ಎಡಕ್ಕೆ ಅಮ್ನೋರೆ."

"ಇಲ್ಲಿ?"

"ಅಷ್ಟು ದೂರ ಬ್ಯಾಡ. ಹಿಂದಕ್ಕೆ ಬನ್ನಿ. ಕಾಲು... ಕಾಲು ಸ್ವಲ್ಪ ಆ ಕಡೆ ಇಡಿ. ಹಾಂ. ಅಲ್ಲೇ, ನಿಮ್ಮ ಮುಂದೆ."

ಅರಿಸಿನ ಕುಂಕುಮ ಹಾಕಿದರು, ಹೂವು ಇಟ್ಟರು. ಏನೋ ಮಂತ್ರ ಹೇಳಿಕೊಳ್ಳುತ್ತ ಹಾಲು ಎರೆದರು. ಸುತ್ತಲ ನೆಲ ಗಟ್ಟಿ, ಮಳೆ ನೀರು ಇನ್ನೂ ನಿಂತೇ ಇತ್ತು. ನಾನು ಬಿಡಿಸಿ ಮುಚ್ಚಿದ ಕಡೆ ಮಾತ್ರ ಮಣ್ಣು ಸಡಿಲ. ಹಾಲು ಒಂದು ಕ್ಷಣ ಬೆಳ್ಳಗೆ ನಿಂತು, ಒಂದು ಗುಳ್ಳೆ ಎದ್ದು, ಸರ್ರನೆ ಇಳಿದುಹೋಯಿತು.

"ನೋಡ್ರೀ, ನೋಡ್ರೀ! ಕುಡೀತು!" ಅಂದರು ಆಯಮ್ಮ.

ರಾಯರು ಚಪ್ಪಲಿ ಬಿಟ್ಟು ಕೈ ಮುಗಿದರು. ನಾನು ಕೈ ಮುಗಿಯಲಿಲ್ಲ. ಎರಡು ಕೈಯಲ್ಲೂ ತಂತಿ ಹಿಡಿದಿದ್ದೆ.

ತುಪ್ಪವನ್ನೂ ಬಿಟ್ಟು ಆಯಮ್ಮ ಚೊಂಬಿನೊಳಗೆ ಇಣುಕಿದರು. "ಇನ್ನೂ ಇದೆ. ಇಷ್ಟು ಸಾಕೇನಪ್ಪ?"

"ಎಲ್ಲಾನೂ ಹಾಕಿಬಿಡಿ ಅಮ್ನೋರೆ," ಅಂದೆ. "ಬಹಳ ವರ್ಷದಿಂದ ಯಾರೂ ಹಾಕಿಲ್ಲ."